ವೈದ್ಯವಿದ್ಯೆಯ ಹೊಸ್ತಿಲಲ್ಲಿ: ಖಾಸಗಿಯೋ, ಸರಕಾರಿಯೋ?

ಹತ್ತನೆಯ ಇಯತ್ತೆಯ ಫಲಿತಾಂಶ ಹೊರಬಿದ್ದ ಮರುವಾರದಿಂದ ನಮ್ಮ ಕಾರ್ಯಾಲಯಕ್ಕೆ ಬರುವ ಪತ್ರಗಳ ಧಾಟಿಯೇ ಬದಲಾಗುತ್ತದೆ. ಬಾಡಿಗೆ, ಪಗಾರ, ಊರಿಗೆ ಹೋಗುವ ರೈಲಿನ ಟಿಕೇಟು ಇವುಗಳ ಗೊಡವೆ ಹಿಂದೆ ಸರಿದು, ಮಕ್ಕಳ ಮುಂದಿನ ಓದಿನ ಚಿಂತೆ ಮುಂದೆ ಬರುತ್ತದೆ. ಅವುಗಳಲ್ಲಿ ಒಂದು ಪ್ರಶ್ನೆಯಂತೂ ವರ್ಷವರ್ಷವೂ ತಪ್ಪದೆ ಬರುತ್ತಿದೆ. ಮಗಳು ಡಾಕ್ಟರಾಗಬೇಕೆನ್ನುತ್ತಾಳೆ, ಅವಳನ್ನು ಖಾಸಗಿ ಕಾಲೇಜಿಗೆ ಹಾಕುವುದು ಲೇಸೋ, ಸರಕಾರದ ನೆರವಿನಿಂದ ನಡೆಯುವ ಕಾಲೇಜಿಗೆ ಹಾಕುವುದು ಲೇಸೋ? ಹೀಗೆ ಕೇಳುವವರು ದಾದರಿನ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುವವರಿರಬಹುದು, ಫೋರ್ಟಿನ ಕಚೇರಿಯ ಗುಮಾಸ್ತರಿರಬಹುದು, ಡೊಂಬಿವಲಿಯಿಂದ ನಸುಕಿನ ಗಾಡಿ ಹಿಡಿದು ಬರುವ ಅಡುಗೆ ಭಟ್ಟರಿರಬಹುದು. ಪ್ರಶ್ನೆಯ ಹಿಂದಿರುವ ಭಯ ಮಾತ್ರ ಎಲ್ಲರದೂ ಒಂದೇ: ಹಣ ಸುರಿಯದಿದ್ದರೆ ಮಗುವಿನ ದಾರಿಗೆ ನಾವೇ ಅಡ್ಡ ನಿಂತಂತಾಗುವುದೇ ಎಂಬುದು.

ಈ ಭಯವನ್ನು ಬಂಡವಾಳ ಮಾಡಿಕೊಂಡವರು ಈ ನಗರದಲ್ಲಿ ಕಡಿಮೆಯಿಲ್ಲ. ಆದುದರಿಂದ ಈ ಪ್ರಶ್ನೆಯನ್ನು ಬಿಡಿಸಿ ನೋಡುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ. ನಾವು ಎಸ್.ಎಸ್.ಎಲ್.ಸಿ.ಗೆ ಓದು ನಿಲ್ಲಿಸಿದವರು. ವೈದ್ಯಶಾಸ್ತ್ರದ ಮಾತನ್ನು ಆಡುವ ಯೋಗ್ಯತೆ ನಮಗಿಲ್ಲ. ಆದರೆ ಸರಕು ಯಾವುದು, ಸರಕಿನ ಮೇಲಿನ ಕಾಗದ ಯಾವುದು ಎಂಬುದನ್ನು ಹೋಟೆಲು ನಡೆಸಿದವನು ಬಲ್ಲನು. ಆ ಮಟ್ಟಿನ ವಿವೇಚನೆ ಇಲ್ಲಿಯೂ ಸಲ್ಲುತ್ತದೆ.

ಮೊದಲನೆಯದಾಗಿ, ಕೇಳಲಾಗುವ ಪ್ರಶ್ನೆ ಒಂದಲ್ಲ, ಎರಡು. ಹನ್ನೊಂದು ಮತ್ತು ಹನ್ನೆರಡನೆಯ ಇಯತ್ತೆಗಳ ಎರಡು ವರ್ಷವನ್ನು ಎಲ್ಲಿ ಕಳೆಯಬೇಕು ಎಂಬುದು ಒಂದು. ಆ ಮೇಲೆ ಎಂ.ಬಿ.ಬಿ.ಎಸ್. ಓದನ್ನು ಎಲ್ಲಿ ಮಾಡಬೇಕು ಎಂಬುದು ಇನ್ನೊಂದು. ಇವೆರಡನ್ನೂ ಕಲಸಿಹಾಕುವುದರಿಂದಲೇ ಅನೇಕ ಮನೆಗಳು ಮೊದಲನೆಯದಕ್ಕೆ ಅತಿಯಾಗಿ ತೆತ್ತು, ಎರಡನೆಯದು ಬಂದಾಗ ಬರಿಗೈಯಾಗಿ ನಿಲ್ಲುತ್ತವೆ.

ಮೊದಲನೆಯ ಪ್ರಶ್ನೆಯನ್ನು ನೋಡೋಣ. ಒಂದು ಕಾಲದಲ್ಲಿ ಇಂಟರ್ ಸಾಯನ್ಸಿನ ಅಂಕಗಳೇ ವೈದ್ಯಕೀಯ ಕಾಲೇಜಿನ ಬಾಗಿಲನ್ನು ತೆರೆಯುತ್ತಿದ್ದವು. ಈಗ ಹಾಗಿಲ್ಲ. 2016ರಲ್ಲಿ ಸುಪ್ರೀಮ್ ಕೋರ್ಟಿನ ಆಜ್ಞೆಯಾದ ತರುವಾಯ, ಈಗ ‘ನೀಟ್’ ಎಂಬ ಒಂದೇ ಪರೀಕ್ಷೆ ದೇಶಕ್ಕೆಲ್ಲ ಸಲ್ಲುತ್ತದೆ. ಸರಕಾರಿ ಸ್ಥಾನವಾಗಲಿ, ಕೋಟಿ ತೆತ್ತು ಪಡೆಯುವ ಸ್ಥಾನವಾಗಲಿ, ಈ ಪರೀಕ್ಷೆಯನ್ನು ದಾಟದೆ ಯಾರಿಗೂ ಇಲ್ಲ. 2025ರ ಪರೀಕ್ಷೆಯಲ್ಲಿ 180 ಪ್ರಶ್ನೆಗಳಿಗೆ 720 ಅಂಕಗಳಿದ್ದವು. ಸರಿಯುತ್ತರಕ್ಕೆ ನಾಲ್ಕು ಅಂಕ. ತಪ್ಪುತ್ತರಕ್ಕೆ ಒಂದು ಅಂಕದ ಕಡಿತ. ಭೌತಶಾಸ್ತ್ರಕ್ಕೆ 180, ರಸಾಯನಕ್ಕೆ 180, ಜೀವಶಾಸ್ತ್ರವೊಂದಕ್ಕೇ 360. ಹನ್ನೆರಡನೆಯ ಇಯತ್ತೆಯಲ್ಲಿ ವಿಜ್ಞಾನ ವಿಷಯಗಳಲ್ಲಿ ಸಾಮಾನ್ಯ ವರ್ಗದವರಿಗೆ ನೂರಕ್ಕೆ 50, ಮೀಸಲಾತಿಯವರಿಗೆ 40 ಬಂದಿದ್ದರೆ ಸಾಕು. ಯಾವ ಕಾಲೇಜಿನಲ್ಲಿ ಓದಿದೆ ಎಂದು ಯಾರೂ ಕೇಳುವುದಿಲ್ಲ. ಪ್ರಶ್ನೆಗಳು ಹುಟ್ಟುವುದು ಬಹುಮಟ್ಟಿಗೆ ಎನ್.ಸಿ.ಇ.ಆರ್.ಟಿ.ಯ ಪಠ್ಯಪುಸ್ತಕಗಳಿಂದ. ಈ ಪುಸ್ತಕಗಳ ಬೆಲೆ ಅಲ್ಪ, ಕಂಪ್ಯೂಟರಿನಲ್ಲಂತೂ ಪುಕ್ಕಟೆ.

ಇದರಿಂದ ಏನು ಸಿದ್ಧವಾಗುತ್ತದೆ? ಹೆಸರಾಂತ ಖಾಸಗಿ ಕಿರಿಯ ಕಾಲೇಜಿನ ಫಲಕಕ್ಕೆ ಪರೀಕ್ಷೆಯಲ್ಲಿ ಅರ್ಧ ಅಂಕದ ಬೆಲೆಯೂ ಇಲ್ಲ ಎಂಬುದು. ಅಲ್ಲಿ ಬೆಲೆಯಿರುವುದು ಎರಡು ವರ್ಷ ದಿನದಿನವೂ ಮಗು ಮಾಡಿದ ಅಭ್ಯಾಸಕ್ಕೆ.

ಮುಂಬಯಿಯಲ್ಲಿ ಕೆಲವು ವರ್ಷಗಳಿಂದ ‘ಇಂಟಿಗ್ರೇಟೆಡ್’ ಎಂಬ ಏರ್ಪಾಡು ಹಬ್ಬಿದೆ. ಹೆಸರು ಒಂದು ಕಾಲೇಜಿನಲ್ಲಿ, ಪಾಠ ಒಂದು ಕೋಚಿಂಗ್ ಕ್ಲಾಸಿನಲ್ಲಿ. ಕಾಲೇಜಿನ ಹಾಜರಿ ಪುಸ್ತಕಕ್ಕೆ ಮಗುವಿನ ಮುಖದ ಪರಿಚಯವೇ ಇರುವುದಿಲ್ಲ. ಇದನ್ನು ತಡೆಯಲೆಂದು 2018ರಲ್ಲಿ ಮಹಾರಾಷ್ಟ್ರ ಸರಕಾರ ಮುಂಬಯಿ ಮುಂತಾದ ವಿಭಾಗಗಳ ವಿಜ್ಞಾನ ಶಾಖೆಯ ಕಿರಿಯ ಕಾಲೇಜುಗಳಿಗೆ ಬೆರಳಚ್ಚಿನ ಹಾಜರಿಯನ್ನು ಕಡ್ಡಾಯ ಮಾಡಿತು. ಆಜ್ಞೆ ಹೊರಟಿತು, ಏರ್ಪಾಡು ಮಾತ್ರ ನಿಲ್ಲಲಿಲ್ಲ. ನೆರವು ಪಡೆಯುವ ಕಾಲೇಜಿನ ವರ್ಷದ ಶುಲ್ಕ ಕೆಲವು ಸಾವಿರ ರೂಪಾಯಿಗಳೊಳಗೆ ಮುಗಿಯುವಾಗ, ಈ ಜೋಡಣೆಯ ಲೆಕ್ಕ ಲಕ್ಷಗಳಲ್ಲಿ ನಡೆಯುತ್ತದೆ.

ಖಾಸಗಿಯವರ ಪಕ್ಷದಲ್ಲಿ ಹೇಳುವ ಮಾತೇ ಇಲ್ಲವೆಂದು ನಾವು ಸರ್ವಥಾ ಹೇಳುವುದಿಲ್ಲ. ನೆರವಿನ ಕಾಲೇಜುಗಳಲ್ಲಿ ಖಾಲಿ ಬಿದ್ದ ಅಧ್ಯಾಪಕರ ಹುದ್ದೆಗಳು, ಒಂದೊಂದು ವರ್ಗದಲ್ಲಿ ಕಿಕ್ಕಿರಿದ ಮಕ್ಕಳು, ಪ್ರಯೋಗಶಾಲೆಯ ಹಳೆಯ ಸಲಕರಣೆಗಳು, ಇವೆಲ್ಲ ಸತ್ಯ. ತಿದ್ದಿದ ಅಭ್ಯಾಸ ಪರೀಕ್ಷೆ ಕ್ರಮವಾಗಿ ನಡೆಯುವುದು ಕೋಚಿಂಗಿನಲ್ಲಿಯೇ ಎಂಬುದೂ ಸತ್ಯ. ಆದರೆ ಇವುಗಳಿಗಾಗಿ ಮಗುವನ್ನು ಇಡಿಯಾಗಿ ಒತ್ತೆಯಿಡಬೇಕಾಗಿಲ್ಲ. ನೆರವಿನ ಕಾಲೇಜಿನಲ್ಲಿ ಹೆಸರು ಬರೆಸಿ, ಪ್ರಯೋಗಶಾಲೆಯನ್ನು ತಪ್ಪದೆ ಕಂಡು, ಕೊರತೆ ಇರುವ ವಿಷಯವೊಂದಕ್ಕೆ ಮಾತ್ರ ಹೊರಗಿನ ಪಾಠ ಹೇಳಿಸಿ, ಅಭ್ಯಾಸ ಪರೀಕ್ಷೆಗಳನ್ನು ಪ್ರತ್ಯೇಕವಾಗಿ ಕೊಂಡರೆ ಖರ್ಚು ಹಿಡಿತದಲ್ಲಿರುತ್ತದೆ. ವೈದ್ಯಕೀಯ ಸ್ಥಾನ ಸಿಗದೆ ಹೋದ ಪಕ್ಷದಲ್ಲಿ ಫಾರ್ಮಸಿಗೋ, ನರ್ಸಿಂಗಿಗೋ, ಬಿ.ಎಸ್ಸಿ.ಗೋ ಹೋಗಲು ಹನ್ನೆರಡನೆಯ ಇಯತ್ತೆಯ ಗಟ್ಟಿ ಓದು ಕೈಯಲ್ಲಿ ಉಳಿಯುತ್ತದೆ. ಮುಖವನ್ನೇ ತೋರಿಸದ ಕಾಲೇಜಿನಿಂದ ಈ ಎರಡನೆಯ ದಾರಿ ದೊರೆಯಲಾರದು.

ಇನ್ನು ನಮ್ಮ ಜನರಿಗೇ ವಿಶೇಷವಾದ ಒಂದು ತೊಡಕನ್ನು ಹೇಳಬೇಕಾಗಿದೆ. ವಾಚಕರು ಇದನ್ನು ಎರಡು ಸಲ ಓದಬೇಕೆಂದು ವಿನಂತಿ.

ಮುಂಬಯಿಯ ಒಂದು ಕೋಣೆಯ ಮನೆಯಲ್ಲಿ ಓದಲು ಮೂಲೆಯಿಲ್ಲವೆಂದು, ಹತ್ತನೆಯದಾದ ಕೂಡಲೆ ಮಕ್ಕಳನ್ನು ಮೂಡಬಿದಿರೆ, ಮಂಗಳೂರು, ಉಡುಪಿ ಕಡೆಯ ವಸತಿಯುಳ್ಳ ಖಾಸಗಿ ಪಿ.ಯು. ಕಾಲೇಜುಗಳಿಗೆ ಕಳುಹಿಸುವ ಪದ್ಧತಿ ನಮ್ಮವರಲ್ಲಿ ಬೆಳೆದಿದೆ. ಊರಿನ ನೀರು, ಶಿಸ್ತಿನ ಓದು, ಹತ್ತಿರದಲ್ಲೇ ಅಜ್ಜಿಯ ಮನೆ, ಆಕರ್ಷಣೆ ಸಹಜವೇ. ಆದರೆ ಇದರಿಂದ ಯಾವ ಬಾಗಿಲು ಮುಚ್ಚುತ್ತದೆಂಬುದನ್ನು ಹೆಚ್ಚಿನವರು ಕೇಳುವುದೇ ಇಲ್ಲ. ಸರಕಾರಿ ವೈದ್ಯಕೀಯ ಕಾಲೇಜುಗಳ ಸ್ಥಾನಗಳಲ್ಲಿ ನೂರಕ್ಕೆ 15 ಮಾತ್ರ ಅಖಿಲ ಭಾರತದ ಪಾಲು. ಉಳಿದ 85 ಆಯಾ ರಾಜ್ಯದ್ದು. ಮಹಾರಾಷ್ಟ್ರದ 85ರಲ್ಲಿ ಪಾಲು ಕೇಳುವವರು ಡೊಮಿಸೈಲ್ ಪ್ರಮಾಣಪತ್ರದ ಜೊತೆಗೆ ಸಾಮಾನ್ಯವಾಗಿ ಹತ್ತನೆಯ ಹಾಗೂ ಹನ್ನೆರಡನೆಯ ಇಯತ್ತೆಗಳೆರಡನ್ನೂ ಮಹಾರಾಷ್ಟ್ರದ ಸಂಸ್ಥೆಗಳಲ್ಲಿಯೇ ಮುಗಿಸಿರಬೇಕು. ಮುಂಬಯಿಯಲ್ಲೇ ಹುಟ್ಟಿ, ಮುಂಬಯಿಯಲ್ಲೇ ಹತ್ತನೆಯದನ್ನು ಮುಗಿಸಿದ ಮಗು ಪಿ.ಯು.ಸಿ.ಗೆಂದು ಘಟ್ಟದ ಕೆಳಗೆ ಹೋಯಿತೆಂದರೆ, ಕೆ.ಇ.ಎಂ., ನಾಯರ್, ಸಾಯನ್ ಆಸ್ಪತ್ರೆಗಳ ಕಾಲೇಜುಗಳ ರಾಜ್ಯಪಾಲಿನ ಸ್ಥಾನ ಅದಕ್ಕೆ ದೂರವಾಯಿತೆಂದೇ ತಿಳಿಯಬೇಕು.

ಹಾಗಾದರೆ ಕರ್ನಾಟಕದ ಬಾಗಿಲು? ಅಲ್ಲಿಯ ಪರೀಕ್ಷಾ ಪ್ರಾಧಿಕಾರದ ನಿಯಮದಂತೆ, ಒಂದನೆಯ ತರಗತಿಯಿಂದ ಎರಡನೆಯ ಪಿ.ಯು.ಸಿ.ಯವರೆಗಿನ ಓದಿನಲ್ಲಿ ಕನಿಷ್ಠ ಏಳು ವರ್ಷ ಕರ್ನಾಟಕದಲ್ಲಿ ಕಳೆದು, ಎಸ್.ಎಸ್.ಎಲ್.ಸಿ. ಅಥವಾ ಪಿ.ಯು.ಸಿ.ಯನ್ನು ಅಲ್ಲಿಯೇ ತೇರ್ಗಡೆಯಾಗಿರಬೇಕು. ಮುಂಬಯಿಯ ಮಗುವಿಗೆ ಎರಡೇ ವರ್ಷವಾಗುವುದರಿಂದ ಈ ಬಾಗಿಲೂ ಮುಚ್ಚಿ, ಮಗು ತ್ರಿಶಂಕುವಾಗುವ ಅಪಾಯವಿದೆ. ಆದರೆ ಇನ್ನೊಂದು ಉಪನಿಯಮವಿದೆ. ಪಿ.ಯು.ಸಿ.ಯ ಎರಡೂ ವರ್ಷ ಕರ್ನಾಟಕದಲ್ಲಿ ಓದಿ ತೇರ್ಗಡೆಯಾದ ಮಗುವಿನ ತಂದೆ ಅಥವಾ ತಾಯಿ ಕರ್ನಾಟಕದಲ್ಲಿ ಕನಿಷ್ಠ ಏಳು ವರ್ಷ ಓದಿದ್ದರೆ, ಆ ಮಗುವಿಗೆ ಅರ್ಹತೆಯುಂಟು. ಏಳನೆಯ ತರಗತಿಗೆ ಶಾಲೆ ಬಿಟ್ಟು, ಕುಂದಾಪುರದಿಂದ ಬಸ್ಸು ಹತ್ತಿ, ಮುಂಬಯಿಯ ಹೋಟೆಲಿನಲ್ಲಿ ಕಪ್ಪು ಬಸಿ ತೊಳೆಯಲು ಬಂದ ತಂದೆಯ ಆ ಏಳು ವರ್ಷದ ಓದು ಇಂದು ಮಗಳಿಗೆ ವೈದ್ಯಕೀಯ ಕಾಲೇಜಿನ ಬಾಗಿಲಿನ ಕೀಲಿಯಾಗಬಲ್ಲುದು! ಆದುದರಿಂದ ಮಗುವನ್ನು ಊರಿಗೆ ಕಳುಹಿಸುವ ಮೊದಲು ತಂದೆಯಾದವನು ತಾನು ಓದಿದ ಹಳೆಯ ಶಾಲೆಗೆ ಹೋಗಿ, ಮುಖ್ಯೋಪಾಧ್ಯಾಯರಿಂದ ವ್ಯಾಸಂಗ ಪ್ರಮಾಣಪತ್ರ ಪಡೆಯತಕ್ಕದ್ದು. ಶಾಲೆ ಮುಚ್ಚಿದ್ದರೆ ಅದರ ದಾಖಲೆಗಳು ಎಲ್ಲಿವೆಯೆಂದು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸತಕ್ಕದ್ದು. ಆ ಕಾಗದ ಕೈಗೆ ಬಂದ ಮೇಲೆ ಊರಿನ ಕಾಲೇಜಿನ ಮಾತು; ಬಾರದಿದ್ದರೆ ಮುಂಬಯಿಯೇ ಮಗುವಿಗೆ ಕ್ಷೇಮ.

ಇದಕ್ಕೆ ವಿರುದ್ಧವಾದ ಸಂಗತಿಯೂ ಉಂಟು. ಸಂಸಾರವನ್ನು ಊರಲ್ಲಿಟ್ಟು ಇಲ್ಲಿ ದುಡಿಯುವವರು, ಮಗು ಊರಿನಲ್ಲಿ ಹತ್ತನೆಯದನ್ನು ಮುಗಿಸಿದೊಡನೆ ಮುಂಬಯಿಯ ದೊಡ್ಡ ಕಾಲೇಜಿಗೆ ತಂದು ಸೇರಿಸುವುದನ್ನು ನಾವು ಕಂಡಿದ್ದೇವೆ. ಅಂತಹ ಮಗು ಮಹಾರಾಷ್ಟ್ರದ ಪಾಲಿಗೆ ಸಲ್ಲುವುದಿಲ್ಲ. ಕರ್ನಾಟಕದಲ್ಲಿ ಏಳು ವರ್ಷ ಓದಿ ಎಸ್.ಎಸ್.ಎಲ್.ಸಿ. ಅಲ್ಲಿಯೇ ಮಾಡಿರುವುದರಿಂದ ಕರ್ನಾಟಕದ ಪಾಲಿಗೆ ಸಲ್ಲುತ್ತದೆ. ಆದರೆ ಅರ್ಜಿಯನ್ನು ಅಲ್ಲಿಯೇ ಹಾಕಬೇಕೆಂಬುದು ಗೊತ್ತಿರದೆ ಕೈಯಲ್ಲಿದ್ದುದನ್ನು ಕಳೆದುಕೊಳ್ಳುವ ಸಂಭವವಿದೆ. ಅಂತೂ ‘ಖಾಸಗಿಯೋ ಸರಕಾರಿಯೋ’ ಎಂಬುದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ‘ಯಾವ ರಾಜ್ಯದಲ್ಲಿ’ ಎಂಬುದು. ನಿಯಮಗಳು ವರ್ಷವರ್ಷ ತಿದ್ದುಪಡಿಯಾಗುವುದರಿಂದ ಎರಡೂ ರಾಜ್ಯಗಳ ಆ ವರ್ಷದ ಕೈಪಿಡಿಯನ್ನು ಓದಿಸಿಕೊಂಡೇ ಹೆಜ್ಜೆಯಿಡಬೇಕು.

ಮೀಸಲಾತಿಯ ವಿಷಯದಲ್ಲಿಯೂ ನಮ್ಮವರಲ್ಲಿ ತಪ್ಪು ತಿಳುವಳಿಕೆ ಬಹಳ. ಊರಿನ ತಹಶೀಲದಾರರು ಕೊಟ್ಟ ಜಾತಿ ಪ್ರಮಾಣಪತ್ರ ಇಲ್ಲಿ ನಡೆಯುವುದೆಂದು ನಂಬಿ ಕುಳಿತವರಿದ್ದಾರೆ. 1990ರಲ್ಲಿ ಸುಪ್ರೀಮ್ ಕೋರ್ಟಿನ ಸಂವಿಧಾನ ಪೀಠವು ತೀರ್ಮಾನಿಸಿದ ಒಂದು ಮೊಕದ್ದಮೆ ಇದೇ ಮುಂಬಯಿಯ ಸೇಠ್ ಗೋರ್ಧನದಾಸ್ ಸುಂದರದಾಸ್ ವೈದ್ಯಕೀಯ ಕಾಲೇಜಿನ ಪ್ರವೇಶದಿಂದಲೇ ಹುಟ್ಟಿದ್ದು. ಆಂಧ್ರದಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದ್ದ ಕುಟುಂಬವೊಂದು ಉದ್ಯೋಗ ನಿಮಿತ್ತ ಇಲ್ಲಿಗೆ ಬಂದಿತ್ತು. ಮಗ ಬಾಲ್ಯದಿಂದ ಇಲ್ಲಿಯೇ ಓದಿದ್ದನು. ಆದರೂ ಒಂದು ರಾಜ್ಯದ ಪರಿಶಿಷ್ಟತೆ ವಲಸೆ ಹೋದ ಇನ್ನೊಂದು ರಾಜ್ಯಕ್ಕೆ ಹಿಂಬಾಲಿಸಿ ಬರುವುದಿಲ್ಲವೆಂದು ನ್ಯಾಯಪೀಠ ನಿರ್ಣಯಿಸಿತು. ಇತರ ಹಿಂದುಳಿದ ವರ್ಗದವರಿಗೆ ಮಹಾರಾಷ್ಟ್ರದಲ್ಲಿ 1967ರ ಅಕ್ಟೋಬರ 13ಕ್ಕೆ ಮೊದಲಿನ ವಾಸ್ತವ್ಯದ ದಾಖಲೆ ಬೇಕು. ಅಜ್ಜಂದಿರ ಕಾಲದಿಂದ ಇಲ್ಲಿ ನೆಲೆಸಿದವರು ಹಳೆಯ ಬಾಡಿಗೆ ಚೀಟಿ, ಶಾಲೆಯ ದಾಖಲೆಗಳನ್ನು ಹುಡುಕಿ ಇಟ್ಟುಕೊಳ್ಳಲಿ. ಇಲ್ಲದವರು ಇಲ್ಲದ ಮೀಸಲಾತಿಯನ್ನು ನಂಬಿ ಲೆಕ್ಕ ಹಾಕದಿರಲಿ.

ಈಗ ಎರಡನೆಯ ಪ್ರಶ್ನೆಗೆ, ಅಂದರೆ ಎಂ.ಬಿ.ಬಿ.ಎಸ್. ಓದಿಗೆ ಬರೋಣ. 2025ರಲ್ಲಿ ನೀಟ್ ಪರೀಕ್ಷೆಗೆ ಕುಳಿತವರು ಸುಮಾರು 22 ಲಕ್ಷ. ‘ಅರ್ಹ’ರೆನಿಸಿಕೊಂಡವರು ಸುಮಾರು 12 ಲಕ್ಷ 36 ಸಾವಿರ. ದೇಶದಲ್ಲಿರುವ ಎಂ.ಬಿ.ಬಿ.ಎಸ್. ಸ್ಥಾನಗಳಾದರೋ ಒಂದು ಲಕ್ಷ 15 ಸಾವಿರಕ್ಕೆ ಮಿಕ್ಕಿದ್ದರೂ ಅರ್ಹರ ಸಂಖ್ಯೆಯ ಹತ್ತನೆಯ ಒಂದು ಪಾಲಿನ ಆಸುಪಾಸಿನಲ್ಲಿವೆ. ಸಾಮಾನ್ಯ ವರ್ಗಕ್ಕೆ ಆ ವರ್ಷ 720ರಲ್ಲಿ 144 ಅಂಕ ಬಂದರೆ ಅರ್ಹತೆ. ಹೀಗಿರುವಾಗ ‘ನಿಮ್ಮ ಮಗ ಕ್ವಾಲಿಫೈ ಆಗಿದ್ದಾನೆ, ಸೀಟು ಮಾಡಿಕೊಡುತ್ತೇವೆ’ ಎಂದು ಫೋನು ಮಾಡುವ ದಲ್ಲಾಳಿಯ ಮಾತಿನ ತೂಕವೆಷ್ಟೆಂಬುದನ್ನು ವಾಚಕರೇ ಅಳೆಯಬಹುದು. ಅರ್ಹತೆಯೆಂಬುದು ಸಾಲಿನಲ್ಲಿ ನಿಲ್ಲಲು ಕೊಡುವ ಅಪ್ಪಣೆ ಮಾತ್ರ.

ಮುಂಬಯಿಯ ಮಹಾನಗರಪಾಲಿಕೆಯ ಅಥವಾ ಸರಕಾರದ ಕಾಲೇಜಿನಲ್ಲಿ ಸ್ಥಾನ ದೊರೆತರೆ ವರ್ಷದ ಶುಲ್ಕ ಒಂದೂವರೆ ಲಕ್ಷ ರೂಪಾಯಿಗಳ ಆಸುಪಾಸು. ಡೀಮ್ಡ್ ವಿಶ್ವವಿದ್ಯಾಲಯಗಳಲ್ಲಿ ಹಲವೆಡೆ ಅದು 20 ಲಕ್ಷಕ್ಕೂ ಮಿಕ್ಕಿ. ನಾಲ್ಕೂವರೆ ವರ್ಷಕ್ಕೆ ಇದು, ಊಟ ವಸತಿ ಸೇರಿ, ಕೋಟಿಯನ್ನು ಮುಟ್ಟುತ್ತದೆ. ಕೋಟಿಯನ್ನು ಸಾಲ ಮಾಡಿದರೆ ನೂರಕ್ಕೆ ಹತ್ತರಂತೆ ಬಡ್ಡಿಯೇ ವರ್ಷಕ್ಕೆ 10 ಲಕ್ಷ, ತಿಂಗಳಿಗೆ 83 ಸಾವಿರ. ಹೊಸದಾಗಿ ಎಂ.ಬಿ.ಬಿ.ಎಸ್. ಮುಗಿಸಿದ ವೈದ್ಯನ ಮೊದಲ ಪಗಾರ ಇದರ ಬಡ್ಡಿಗೇ ಸಾಲದು. ಅಸಲಿನ ಮಾತು ದೂರ. ಊರಿನ ಗದ್ದೆ, ಇಲ್ಲಿಯ ಕೋಣೆ, ತಾಯಿಯ ಕೊರಳಿನ ಚಿನ್ನ ಇವನ್ನೆಲ್ಲ ಅಡವಿಟ್ಟು ಕಲಿತ ವೈದ್ಯನು ನಾಳೆ ರೋಗಿಯ ಮುಖವನ್ನು ನೋಡುವನೋ, ರೋಗಿಯ ಜೇಬನ್ನು ನೋಡುವನೋ? ಆತನನ್ನು ಮಾತ್ರ ದೂರಿ ಫಲವೇನು?

ಆದರೆ ಇಲ್ಲಿಯೂ ಫಲಕವನ್ನು ನೋಡಿ ಮೋಸಹೋಗಬಾರದು. ಕರ್ನಾಟಕದ ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ಒಂದು ಪಾಲಿನ ಸ್ಥಾನಗಳನ್ನು ಸರಕಾರವೇ ಹಂಚುತ್ತದೆ. ಅವುಗಳ ಶುಲ್ಕವೂ ಒಂದೂವರೆ ಲಕ್ಷದ ಸುತ್ತಮುತ್ತ. ಅದೇ ಕಟ್ಟಡ, ಅದೇ ಗುರುಗಳು, ಅದೇ ಬೆಂಚು. ಪಕ್ಕದಲ್ಲಿ ಕುಳಿತವನು ಅದರ ಹಲವು ಪಟ್ಟು ತೆತ್ತು ಬಂದಿರುತ್ತಾನೆ. ಮಹಾರಾಷ್ಟ್ರದಲ್ಲಿ ಖಾಸಗಿ ಕಾಲೇಜುಗಳ ಶುಲ್ಕವನ್ನು ಶುಲ್ಕ ನಿಯಂತ್ರಣ ಪ್ರಾಧಿಕಾರ ಗೊತ್ತುಪಡಿಸುತ್ತದೆ. 2024ರ ಜುಲೈಯಿಂದ ಇಲ್ಲಿಯ ಹಿಂದುಳಿದ ಮತ್ತು ಆರ್ಥಿಕವಾಗಿ ದುರ್ಬಲ ವರ್ಗಗಳ, ವರ್ಷಕ್ಕೆ 8 ಲಕ್ಷದೊಳಗಿನ ವರಮಾನವುಳ್ಳ ಕುಟುಂಬಗಳ ಹೆಣ್ಣುಮಕ್ಕಳಿಗೆ, ಸರಕಾರದ ಕೇಂದ್ರೀಕೃತ ಪ್ರವೇಶದ ಮೂಲಕ ಬಂದಲ್ಲಿ, ವೃತ್ತಿ ಶಿಕ್ಷಣದ ಶುಲ್ಕ ಪೂರ್ಣ ಮನ್ನಾ ಆಗಿದೆ. ಆದುದರಿಂದ ಕೇಳಬೇಕಾದುದು ಕಾಲೇಜು ಯಾರದೆಂಬುದನ್ನಲ್ಲ, ಸ್ಥಾನ ಯಾವ ಬಗೆಯದೆಂಬುದನ್ನು.

ಖಾಸಗಿ ಎಂಬ ಶಬ್ದ ಕೇಳಿದೊಡನೆ ಮೂಗು ಮುರಿಯುವುದೂ ನ್ಯಾಯವಲ್ಲ. 1953ರಲ್ಲಿ ಡಾಕ್ಟರ್ ಟಿ.ಎಂ.ಎ. ಪೈಗಳು ಮಣಿಪಾಲದ ಬೋಳುಗುಡ್ಡದ ಮೇಲೆ ವೈದ್ಯಕೀಯ ಕಾಲೇಜನ್ನು ಆರಂಭಿಸಿದಾಗ ನಮ್ಮ ಜಿಲ್ಲೆಗೆ ಅಂತಹದೊಂದನ್ನು ಸರಕಾರ ಕೊಟ್ಟಿರಲಿಲ್ಲ. 1928ರಲ್ಲಿ ದಿನಕ್ಕೆ ಎರಡಾಣೆಯಂತೆ ಮನೆಮನೆಯಿಂದ ಪಿಗ್ಮಿ ಠೇವಣಿ ಕೂಡಿಸುವ ಪದ್ಧತಿಯನ್ನು ತಂದ ಸಿಂಡಿಕೇಟ್ ಬ್ಯಾಂಕಿನ ಸ್ಥಾಪಕರಲ್ಲಿ ಒಬ್ಬರೂ ಅವರೇ. ಮುಂಬಯಿಯಲ್ಲಿ ಇಂದು ನಾವು ಸಾರ್ವಜನಿಕವೆಂದು ಹೆಮ್ಮೆಪಡುವ ಸಂಸ್ಥೆಗಳೂ ದಾನಿಗಳ ಹಣದಿಂದಲೇ ಎದ್ದವು. 1845ರ ಗ್ರಾಂಟ್ ಮೆಡಿಕಲ್ ಕಾಲೇಜಿನ ಜೊತೆಯ ಆಸ್ಪತ್ರೆಗೆ ಜಮಶೇಟಜಿ ಜೀಜಿಭಾಯಿಯವರ ದಾನ, 1926ರ ಕೆ.ಇ.ಎಂ. ಆಸ್ಪತ್ರೆಯ ಕಾಲೇಜಿಗೆ ಗೋರ್ಧನದಾಸ್ ಸುಂದರದಾಸರ ಆಸ್ತಿಯ ಹಣ, ಅದೂ ಅಧ್ಯಾಪಕರೆಲ್ಲ ಭಾರತೀಯರೇ ಆಗಿರಬೇಕೆಂಬ ಕರಾರಿನೊಡನೆ. 1921ರಲ್ಲಿ ಅಸಹಕಾರ ಚಳವಳಿಯ ಕಾವಿನಲ್ಲಿ ಹುಟ್ಟಿದ ನ್ಯಾಷನಲ್ ಮೆಡಿಕಲ್ ಕಾಲೇಜು 1946ರಲ್ಲಿ ಪಾಲಿಕೆಯ ಕೈಸೇರಿತು. ಆ ದಿನಗಳಲ್ಲಿ ಖಾಸಗಿಯವರ ಹಣ ಸಾರ್ವಜನಿಕರ ಕಡೆಗೆ ಹರಿಯಿತು. ಇಂದು ಹೊಳೆ ತಿರುಗಿ ಹರಿಯುತ್ತಿದೆ. ನಮ್ಮ ಆಕ್ಷೇಪ ಅದಕ್ಕೆ.

ಈ ತಿರುವನ್ನು ನ್ಯಾಯಾಲಯಗಳೂ ಕಂಡಿವೆ. 1989ರ ಕರ್ನಾಟಕ ಸರಕಾರದ ಆಜ್ಞೆಯಂತೆ ಖಾಸಗಿ ವೈದ್ಯಕೀಯ ಕಾಲೇಜಿನಲ್ಲಿ ಸರಕಾರಿ ಸ್ಥಾನಕ್ಕೆ ವರ್ಷಕ್ಕೆ 2,000, ಕರ್ನಾಟಕದ ಇತರರಿಗೆ 25,000, ಹೊರರಾಜ್ಯದವರಿಗೆ 60,000 ರೂಪಾಯಿ ಶುಲ್ಕವಿತ್ತು. ಅದನ್ನು ಪ್ರಶ್ನಿಸಿದ ಮೋಹಿನಿ ಜೈನ್ ಮೊಕದ್ದಮೆಯಲ್ಲಿ 1992ರಲ್ಲಿ ಸುಪ್ರೀಮ್ ಕೋರ್ಟು ಕ್ಯಾಪಿಟೇಶನ್ ಶುಲ್ಕ ಸಂವಿಧಾನಕ್ಕೆ ವಿರುದ್ಧವೆಂದಿತು. 2002ರಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಖಾಸಗಿ ಸಂಸ್ಥೆಗಳ ಸ್ವಾತಂತ್ರ್ಯವನ್ನು ಹಿಗ್ಗಿಸಿತಾದರೂ ಲಾಭಕೋರತನ ಸಲ್ಲದೆಂದಿತು. ತೀರ್ಪುಗಳು ಬಂದವು; ಅಂದಿನ 60,000 ಇಂದು 20 ಲಕ್ಷವಾಗಿದೆ.

ಇಲ್ಲಿ ಸಿಗದವರು ದೇಶ ಬಿಟ್ಟು ಹೋಗುತ್ತಾರೆ. 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್ ನಗರದಲ್ಲಿ ಯುದ್ಧಕ್ಕೆ ಬಲಿಯಾದ ವೈದ್ಯಕೀಯ ವಿದ್ಯಾರ್ಥಿ ನಮ್ಮ ಹಾವೇರಿ ಜಿಲ್ಲೆಯವನು. ಪಿ.ಯು.ಸಿ.ಯಲ್ಲಿ ನೂರಕ್ಕೆ 97 ಅಂಕ ಬಂದರೂ ಮಗನಿಗೆ ಇಲ್ಲಿ ಸೀಟು ಸಿಗಲಿಲ್ಲವೆಂದು ಆ ತಂದೆ ಅಂದು ಹೇಳಿದ ಮಾತು ಇನ್ನೂ ನಮ್ಮ ಕಿವಿಯಲ್ಲಿದೆ. ಸರಕಾರಿ ಸ್ಥಾನಗಳನ್ನು ಹೆಚ್ಚಿಸುವುದು ಆಳುವವರ ಔದಾರ್ಯದ ಪ್ರಶ್ನೆಯಲ್ಲ, ಋಣದ ಪ್ರಶ್ನೆ. ಮುಂಬಯಿಯಲ್ಲಿ 1964ರಲ್ಲಿ ಸಾಯನಿನ ಕಾಲೇಜು ಆರಂಭವಾದ ಮೇಲೆ ಕೂಪರ್ ಆಸ್ಪತ್ರೆಗೆ ಪಾಲಿಕೆಯ ಮುಂದಿನ ವೈದ್ಯಕೀಯ ಕಾಲೇಜು ಬರಲು 2015 ಆಗಬೇಕಾಯಿತು. ಅರ್ಧ ಶತಮಾನ ಈ ನಗರ ಬೆಳೆಯುತ್ತಲೇ ಇತ್ತು.

ಹೋಟೆಲು ಕಾರ್ಮಿಕರಿಗೆ ತೀರ ಸಮೀಪದ ಒಂದು ದಾರಿಯನ್ನು ಈಗ ಹೇಳುತ್ತೇವೆ. ಇದನ್ನು ತಿಳಿದವರು ನಮ್ಮಲ್ಲಿ ಬೆರಳೆಣಿಕೆಯಷ್ಟು. ಕಾರ್ಮಿಕರ ರಾಜ್ಯ ವಿಮಾ ನಿಗಮ, ಅಂದರೆ ಇ.ಎಸ್.ಐ., ತನ್ನದೇ ವೈದ್ಯಕೀಯ ಕಾಲೇಜುಗಳನ್ನು ನಡೆಸುತ್ತಿದೆ. ಅವುಗಳಲ್ಲಿ ಎರಡು ಕರ್ನಾಟಕದಲ್ಲಿಯೇ ಇವೆ: ಬೆಂಗಳೂರಿನ ರಾಜಾಜಿನಗರದಲ್ಲೊಂದು, ಕಲಬುರಗಿಯಲ್ಲೊಂದು. ವಿಮೆಗೊಳಪಟ್ಟ ಕಾರ್ಮಿಕರ ಮಕ್ಕಳಿಗೆಂದೇ ಈ ಕಾಲೇಜುಗಳಲ್ಲಿ ಎಂ.ಬಿ.ಬಿ.ಎಸ್. ಸ್ಥಾನಗಳು ಮೀಸಲಾಗಿವೆ. ಹಂಚಿಕೆ ಅಖಿಲ ಭಾರತ ಕೌನ್ಸೆಲಿಂಗಿನ ಮೂಲಕ ನಡೆಯುವುದರಿಂದ ರಾಜ್ಯದ ಡೊಮಿಸೈಲ್ ತೊಡಕು ಇಲ್ಲಿ ಬಾರದು. ನೀಟ್ ದಾಟಿರಬೇಕು, ತಂದೆ ಅಥವಾ ತಾಯಿಯ ಹೆಸರಿನಲ್ಲಿ ನಿಗದಿತ ಅವಧಿಯ ವಂತಿಗೆ ಸಂದಿರಬೇಕು, ನಿಗಮದಿಂದ ಪ್ರಮಾಣಪತ್ರ ಪಡೆದಿರಬೇಕು, ಅಷ್ಟೆ.

ಆದರೆ ವಂತಿಗೆ ಸಂದಿರಬೇಕಲ್ಲ! ಇಲ್ಲಿ ನಾವು ಹೋಟೆಲು ಮಾಲೀಕ ಬಂಧುಗಳ ಕಡೆಗೆ ತಿರುಗಿ ಎರಡು ಮಾತು ಹೇಳಲೇಬೇಕು. 2019ರ ಜುಲೈಯಿಂದ ಕಾರ್ಮಿಕನ ಪಾಲು ಪಗಾರದ ನೂರಕ್ಕೆ ಮುಕ್ಕಾಲು, ಮಾಲೀಕನ ಪಾಲು ನೂರಕ್ಕೆ ಮೂರೂಕಾಲು. 16,000 ರೂಪಾಯಿ ಪಗಾರದ ಸಪ್ಲಾಯರನೊಬ್ಬನಿಗೆ ಅವನದು ತಿಂಗಳಿಗೆ 120 ರೂಪಾಯಿ, ಧಣಿಯದು 520. ಈ ಐನೂರಿಪ್ಪತ್ತನ್ನು ಉಳಿಸಲೆಂದು ಹತ್ತು ಜನ ದುಡಿಯುವಲ್ಲಿ ನಾಲ್ವರ ಹೆಸರನ್ನು ಮಾತ್ರ ಪುಸ್ತಕದಲ್ಲಿ ಬರೆಯುವ ಪದ್ಧತಿ ನಮ್ಮ ವ್ಯವಸಾಯಕ್ಕೆ ಅಪರಿಚಿತವೇನಲ್ಲ. ಹೆಸರು ಬಿಟ್ಟ ಆ ಗೆರೆಯಲ್ಲಿ ಒಬ್ಬ ಮಾಣಿಯ ಜ್ವರದ ಔಷಧಿ ಮಾತ್ರ ಹೋಗುವುದಿಲ್ಲ, ಅವನ ಮಗಳ ವೈದ್ಯಕೀಯ ಸ್ಥಾನವೂ ಹೋಗುತ್ತದೆ. ಜಾತ್ರೆಗೆ, ಬ್ರಹ್ಮಕಲಶಕ್ಕೆ, ಯಕ್ಷಗಾನದ ಆಟಕ್ಕೆ ಉದಾರವಾಗಿ ಕೊಡುವ ನಮ್ಮ ಧಣಿಗಳು ಈ ಸಣ್ಣ ಲೆಕ್ಕವನ್ನು ಸರಿಪಡಿಸಿದರೆ ಅದಕ್ಕಿಂತ ದೊಡ್ಡ ಪುಣ್ಯ ಬೇರೆಯಿಲ್ಲ. ಕಾರ್ಮಿಕರೂ ತಮ್ಮ ವಿಮಾ ಸಂಖ್ಯೆಯನ್ನು ಕೇಳಿ ಪಡೆಯಲು ಸಂಕೋಚಪಡಬಾರದು. ಅದು ಭಿಕ್ಷೆಯಲ್ಲ, ಹಕ್ಕು.

ಸರಕಾರಿ ಕಾಲೇಜಿನಲ್ಲಿ ಕಲಿತರೆ ಬಾಂಡ್ ಇದೆಯಲ್ಲ ಎಂದು ಕೆಲವರು ಹಿಂಜರಿಯುತ್ತಾರೆ. ಮಹಾರಾಷ್ಟ್ರದಲ್ಲಿ ಎಂ.ಬಿ.ಬಿ.ಎಸ್. ಮುಗಿಸಿದವರು ಒಂದು ವರ್ಷ ಸರಕಾರಿ ಸೇವೆ ಸಲ್ಲಿಸಬೇಕು. ಆ ಒಂದು ವರ್ಷ ಪಗಾರ ಸಹಿತವಾದ ಸೇವೆ. ಜನರ ಹಣದಿಂದ ಕಲಿತವನು ಜನರಿಗೆ ತಿರುಗಿ ಕೊಡುವುದು. ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಒಂದು ವರ್ಷ ಕಳೆದ ವೈದ್ಯ ಅದರಿಂದ ಕೆಡುವುದಿಲ್ಲ.

ಕಡೆಯದಾಗಿ ನಮ್ಮ ಸಂಘಸಂಸ್ಥೆಗಳಿಗೊಂದು ನಿವೇದನೆ. ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಕನ್ನಡದಲ್ಲಿ ಓದಿ ಮೇಲೆ ಬಂದ ತಲೆಮಾರು ಈ ನಗರದಲ್ಲಿ ಇನ್ನೂ ಇದೆ. ಆ ಶಾಲೆಗಳನ್ನು ಕಟ್ಟಿದವರು ನಮ್ಮವರೇ. ಇಂದು ನಮ್ಮ ಸಂಘಗಳು ಹೆಚ್ಚು ಅಂಕ ಪಡೆದ ಮಕ್ಕಳಿಗೆ ವರ್ಷಕ್ಕೊಮ್ಮೆ ಶಾಲು ಹೊದೆಸಿ, ಫೋಟೋ ತೆಗೆಸಿ ಕಳುಹಿಸುತ್ತವೆ. ಸಂತೋಷ. ಆದರೆ ಶಾಲಿಗಿಂತ ಹೆಚ್ಚಾಗಿ ಆ ಮಕ್ಕಳಿಗೆ ಬೇಕಾದುದು ರಾತ್ರಿ ಹತ್ತರವರೆಗೆ ದೀಪವುರಿಯುವ ಒಂದು ಓದುಕೋಣೆ. ಸಂಘದ ಸಭಾಗೃಹಗಳು ಮದುವೆಯಿಲ್ಲದ ದಿನಗಳಲ್ಲಿ ಬೀಗ ಹಾಕಿ ನಿಂತಿರುತ್ತವೆ. ಮೇಜು, ಬೆಂಚು, ಎನ್.ಸಿ.ಇ.ಆರ್.ಟಿ.ಯ ಹತ್ತು ಸೆಟ್ ಪುಸ್ತಕ ಇಟ್ಟು ತೆರೆದರೆ ಖರ್ಚೆಷ್ಟು? ಪ್ರತಿ ವರ್ಷ ಮೇ ತಿಂಗಳಲ್ಲಿ ಎರಡೂ ರಾಜ್ಯಗಳ ಪ್ರವೇಶದ ಕೈಪಿಡಿಗಳನ್ನು ತರಿಸಿ, ಓದು ಬಲ್ಲ ಒಬ್ಬರನ್ನು ಕೂರಿಸಿ, ಬಂದವರಿಗೆ ವಿವರಿಸುವ ಏರ್ಪಾಡು ಮಾಡಿದರೆ ಎಷ್ಟು ಮನೆಗಳು ದಲ್ಲಾಳಿಯ ಬಾಯಿಯಿಂದ ಪಾರಾದಾವು! ನಮ್ಮ ಸಮಾಜದ ವೈದ್ಯರು ಈ ನಗರದಲ್ಲಿ ಸಾಕಷ್ಟಿದ್ದಾರೆ. ತಿಂಗಳಿಗೊಂದು ಭಾನುವಾರ ಅವರು ಈ ಮಕ್ಕಳೊಡನೆ ಕುಳಿತರೆ ಯಾವ ಕೋಚಿಂಗೂ ಕೊಡಲಾರದ ಧೈರ್ಯ ದೊರೆತೀತು.

ಪತ್ರ ಬರೆದ ತಂದೆತಾಯಿಗಳಿಗೆ ನಮ್ಮ ಅಭಿಪ್ರಾಯವನ್ನು ಸಂಕ್ಷೇಪವಾಗಿ ಹೇಳುವುದಾದರೆ ಇಷ್ಟು. ಹನ್ನೊಂದು ಹನ್ನೆರಡನೆಯ ಇಯತ್ತೆಗಳಿಗೆ ಮನೆಗೆ ಹತ್ತಿರದ, ಪ್ರಯೋಗಶಾಲೆ ನಡೆಯುವ ನೆರವಿನ ಕಾಲೇಜು ಸಾಕು. ಉಳಿಸಿದ ಹಣ ಮುಂದಿನ ಐದು ವರ್ಷಕ್ಕೆ ಬೇಕಾಗುತ್ತದೆ. ಮಗುವನ್ನು ರಾಜ್ಯ ದಾಟಿಸುವ ಮೊದಲು ಕಾಗದಪತ್ರಗಳನ್ನು ನೋಡಿರಿ. ವೈದ್ಯಕೀಯಕ್ಕೆ ಸರಕಾರ ಹಂಚುವ ಸ್ಥಾನ ಯಾವ ಕಾಲೇಜಿನಲ್ಲಿ ಸಿಕ್ಕರೂ ಹಿಂಜರಿಯಬೇಡಿರಿ. ಕೋಟಿಯ ಸ್ಥಾನಕ್ಕಾಗಿ ಮನೆ ಮಾರಬೇಡಿರಿ. ಒಂದು ವರ್ಷ ತಪ್ಪಿದರೆ ಇನ್ನೊಮ್ಮೆ ಕೂರಲು ಅವಕಾಶವಿದೆ. ಎರಡು ಸಲವೂ ತಪ್ಪಿದರೆ ಮಗುವಿನ ಮುಖ ನೋಡಿ ಬೇರೆ ದಾರಿಯನ್ನು ಸಮಾಧಾನದಿಂದ ಹುಡುಕಿರಿ. ಆಸ್ಪತ್ರೆಯೆಂಬುದು ಡಾಕ್ಟರೊಬ್ಬರಿಂದ ನಡೆಯುವುದಿಲ್ಲ; ದಾದಿ, ಔಷಧಿ ಕೊಡುವವರು, ರಕ್ತ ಪರೀಕ್ಷಿಸುವವರು ಎಲ್ಲರೂ ಸೇರಿ ಒಬ್ಬ ರೋಗಿಯನ್ನು ಮನೆಗೆ ಕಳುಹಿಸುತ್ತಾರೆ. ಹೋಟೆಲಿನಲ್ಲಿ ದುಡಿದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.